ಹಾವಾಡಿಗನ ಮೂರು ಕಸುಬು

ಬಸವಣ್ಣನವರ ಒಂದು ವಚನದಲ್ಲಿ ಹಾವಾಡಿಗನೊಬ್ಬ ಮಗನ ಮದುವೆಗೆ ಶಕುನ ನೋಡಲು ಹೊರಟಿದ್ದಾನೆ. ಕೈಯಲ್ಲಿ ಹಾವು, ಜೊತೆಯಲ್ಲಿ ಮೂಗಿಲ್ಲದ ಹೆಂಡತಿ. ದಾರಿಯಲ್ಲಿ ಅಂಥದೇ ಇನ್ನೊಂದು ಜೋಡಿ ಎದುರಾದಾಗ ಶಕುನ ಕೆಟ್ಟಿತು ಎನ್ನುತ್ತಾನೆ. ವಚನದ ಗುರಿ ತನ್ನ ಕುಂದು ತನಗೆ ಕಾಣದವರ ಕಡೆಗಿದೆ, ಹಾವಾಡಿಗ ಅಲ್ಲಿ ಬರೀ ನಿಮಿತ್ತ. ಆದರೂ ಆ ಮಾತಿನಿಂದ ಎರಡು ಸಂಗತಿ ತಿಳಿಯುತ್ತವೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನಲ್ಲಿ ಹಾವಾಡಿಗ ಎಲ್ಲರೂ ಬಲ್ಲ ಮನುಷ್ಯನಾಗಿದ್ದ. ಮತ್ತು ಅವನು ಎದುರು ಬಂದರೆ ಒಳ್ಳೆಯದಲ್ಲ ಎಂಬ ನಂಬಿಕೆ ಆಗಲೇ ಬೇರೂರಿತ್ತು.

ಸಂಸ್ಕೃತದ ‘ಮುದ್ರಾರಾಕ್ಷಸ’ ನಾಟಕದಲ್ಲಿ ಈ ಕಸುಬುದಾರನ ಇನ್ನೊಂದು ಮುಖವಿದೆ. ಅಮಾತ್ಯ ರಾಕ್ಷಸನ ಗೂಢಚಾರ ವಿರಾಧಗುಪ್ತ ಜೀರ್ಣವಿಷನೆಂಬ ಹಾವಾಡಿಗನ ವೇಷ ಹಾಕಿಕೊಂಡು ಪಾಟಲಿಪುತ್ರದ ಸುದ್ದಿ ತರುತ್ತಾನೆ. ಬುಟ್ಟಿ ಹೊತ್ತವನು ಯಾವ ಬೀದಿಗೂ ಹೋಗಬಲ್ಲ, ಅವನ ಕುಲಗೋತ್ರ ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಗೂಢಚಾರನಿಗೆ ಇದಕ್ಕಿಂತ ಒಳ್ಳೆಯ ವೇಷ ಸಿಗಲಾರದು. ಕೌಟಿಲ್ಯನ ಅರ್ಥಶಾಸ್ತ್ರವಂತೂ ವಿಷವಿದ್ಯೆ ಬಲ್ಲವರನ್ನು ಅರಸನ ಹತ್ತಿರವೇ ಇರಿಸಿಕೊಳ್ಳಬೇಕು ಎನ್ನುತ್ತದೆ. ಹಾದಿಯಲ್ಲಿ ಕಂಡರೆ ಅಪಶಕುನ, ಹಾವು ಕಂಡರೆ ಅವನಿಲ್ಲದೆ ಗತಿಯಿಲ್ಲ. ಸಮಾಜ ಅವನನ್ನು ನಡೆಸಿಕೊಂಡ ರೀತಿ ಇದು.

ಇಂದು ಹಾವಾಡಿಸುವುದು ಕಾನೂನು ನಿಷೇಧಿಸಿದ ಕೆಲಸ. ಅದರ ಬಗ್ಗೆ ಬರೆಯುವವರಲ್ಲಿ ಸಾಮಾನ್ಯವಾಗಿ ಎರಡು ಪಂಗಡ. ಒಂದು ಪಂಗಡಕ್ಕೆ ಅದು ಹಾವಿನ ಮೇಲಿನ ಹಿಂಸೆ, ಹೋದದ್ದೇ ಒಳ್ಳೆಯದಾಯಿತು. ಇನ್ನೊಂದು ಪಂಗಡಕ್ಕೆ ಅದು ಕಾನೂನು ನುಂಗಿಹಾಕಿದ ಜನಪದ ಪರಂಪರೆ. ಎರಡೂ ವಾದಗಳು ಹಾವಾಡಿಗತನವನ್ನು ಒಂದೇ ಕಸುಬೆಂದು ಹಿಡಿಯುತ್ತವೆ. ನಿಜಕ್ಕೆ ಆ ಬುಟ್ಟಿಯಲ್ಲಿದ್ದವು ಮೂರು ಕಸುಬು: ಹಾವು ಆಡಿಸುವುದು, ಮದ್ದು ಮಾರುವುದು, ಹಾವು ಹಿಡಿಯುವುದು. ಮೂರನ್ನೂ ಬೇರೆಬೇರೆಯಾಗಿ ತೂಗಿ ನೋಡಿದರೆ ಮಾತ್ರ ಯಾವುದು ಹೋಗಬೇಕಿತ್ತು, ಯಾವುದು ಉಳಿಯಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಯಾರು ಇವರು

ಕಸುಬಿನ ಹೆಸರು ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತದೆ. ರಾಜಸ್ಥಾನದಲ್ಲಿ ಕಾಲ್ಬೇಲಿಯಾ, ಹರಿಯಾಣ ಮತ್ತು ಉತ್ತರ ಪ್ರದೇಶದಲ್ಲಿ ಸಪೇರಾ ಅಥವಾ ಜೋಗಿನಾಥ, ಬಂಗಾಳದಲ್ಲಿ ಬೇದೆ, ಮಹಾರಾಷ್ಟ್ರದಲ್ಲಿ ಗಾರುಡಿ, ನಮ್ಮಲ್ಲಿ ಹಾವಾಡಿಗ, ಹಾವುಗೊಲ್ಲ, ಗಾರುಡಿಗ. ಉತ್ತರದವರು ತಮ್ಮ ಮೂಲವನ್ನು ನಾಥಪಂಥದ ಕಾನಿಫನಾಥನಲ್ಲಿ ಕಾಣುತ್ತಾರೆ; ವಿಷ ಕುಡಿದು ದಕ್ಕಿಸಿಕೊಂಡ ಆ ಸಿದ್ಧನ ವರದಿಂದಲೇ ತಮಗೆ ಹಾವು ಒಲಿಯಿತೆಂದು ಕಥೆ ಹೇಳುತ್ತಾರೆ. ಬಂಗಾಳದಲ್ಲಿ ಹಾವುಗಳ ಒಡತಿ ಮನಸಾದೇವಿ. ಗಡಿಯಾಚೆಯ ಬಾಂಗ್ಲಾದೇಶದ ಬೇದೆಗಳು ಮುಸ್ಲಿಮರು, ದೋಣಿಗಳಲ್ಲೇ ಸಂಸಾರ ಸಾಗಿಸಿದವರು. ಮೊರಾಕೊದ ಮರಾಕೆಶ್ ನಗರದ ಜೆಮಾ ಎಲ್ ಫ್ನಾ ಚೌಕದಲ್ಲಿ ಹಾವಾಡಿಸುವವರು ಐಸಾವಾ ಸೂಫಿ ಪಂಥದ ಹೆಸರು ಹೇಳುತ್ತಾರೆ, ಈಜಿಪ್ಟಿನಲ್ಲಿ ರಿಫಾಯಿ ಪಂಥದ ಹೆಸರು. ದೇಶ, ಮತ, ಭಾಷೆ ಬೇರೆಯಾದರೂ ಎಲ್ಲ ಕಡೆ ಒಬ್ಬ ಸಂತನ ವರವುಂಟು, ಅಲೆದಾಟವುಂಟು, ಆಟಕ್ಕೂ ಭಿಕ್ಷೆಗೂ ನಡುವೆ ತೆಳುವಾದ ಗೆರೆಯುಂಟು. ನಮ್ಮ ಕರಾವಳಿಯ ನಾಗಬನ, ನಾಗಮಂಡಲಗಳ ಲೋಕ ಇದರಿಂದ ದೂರವೇ ಉಳಿದದ್ದು. ಅಲ್ಲಿ ನಾಗ ಆರಾಧನೆಯ ದೈವ, ಹಾವಾಡಿಗನ ಬುಟ್ಟಿಯಲ್ಲಿ ಅದೇ ಹಾವು ಅನ್ನದ ದಾರಿ.

ಮೊದಲ ಕಸುಬು: ಆಟ

ಒಣಗಿಸಿದ ಸೋರೆಬುರುಡೆಗೆ ಎರಡು ಕೊಳವೆ ಸೇರಿಸಿ ಜೇನುಮೇಣದಿಂದ ಬಿಗಿ ಮಾಡಿದರೆ ಪುಂಗಿ. ಒಂದು ಕೊಳವೆ ಶ್ರುತಿ ಹಿಡಿಯುತ್ತದೆ, ಇನ್ನೊಂದರಲ್ಲಿ ರಾಗ ನುಡಿಯುತ್ತದೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತಲೇ ಊದುವುದರಿಂದ ನಾದ ಕಡಿಯುವುದಿಲ್ಲ. ಇದು ವರ್ಷಗಟ್ಟಲೆ ಸಾಧನೆ ಬೇಡುವ ವಿದ್ಯೆ, ಸಂದೇಹವಿಲ್ಲ. ಆದರೆ ಅದು ಒಲಿಸಿಕೊಳ್ಳುವುದು ಸುತ್ತ ನೆರೆದ ಜನರನ್ನು, ಬುಟ್ಟಿಯೊಳಗಿನ ಹಾವನ್ನಲ್ಲ.

ಹಾವಿಗೆ ಹೊರಕಿವಿಯಿಲ್ಲ, ಕಿವಿಯ ತಮಟೆಯೂ ಇಲ್ಲ. ಹಾಗೆಂದು ಅದು ಪೂರ್ತಿ ಕಿವುಡೂ ಅಲ್ಲ. ಒಳಕಿವಿಯಿದೆ, ಅದಕ್ಕೆ ದವಡೆಯ ಎಲುಬಿನ ಜೋಡಣೆಯಿದೆ. ನೆಲದ ಕಂಪನವನ್ನೂ ಗಾಳಿಯಲ್ಲಿ ಬರುವ ತಗ್ಗು ಸ್ಥಾಯಿಯ ಸದ್ದನ್ನೂ ಅದು ಗ್ರಹಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾವುಗಳು 450 ಹರ್ಟ್ಸ್‌ವರೆಗಿನ ಸದ್ದುಗಳಿಗೆ ಸ್ಪಂದಿಸಿದ್ದವು. ಬೈಬಲ್ಲಿನ 58ನೆಯ ಕೀರ್ತನೆ ಗಾರುಡಿಗನಿಗೆ ಕಿವಿಗೊಡದ ಹಾವಿನ ಮಾತೆತ್ತುತ್ತದೆ. ನಮ್ಮ ಮಕ್ಕಳು ತಲೆಮಾರುಗಳಿಂದ ಹಾಡುತ್ತ ಬಂದ ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಕೊಳಲು ಕೇಳಲು ಬಾ ಎಂದು ನಾಗರಹಾವನ್ನೇ ಕರೆಯುತ್ತದೆ. ವಿಜ್ಞಾನ ಈ ಎರಡರ ನಡುವೆ ಎಲ್ಲೋ ನಿಂತಿದೆ: ಹಾವು ಏನನ್ನೋ ಕೇಳಿಸಿಕೊಳ್ಳುತ್ತದೆ, ಆದರೆ ರಾಗಕ್ಕೆ ತಲೆದೂಗುವುದಿಲ್ಲ.

ಹಾಗಾದರೆ ಅದು ತೂಗಾಡುವುದೇಕೆ? ಮುಚ್ಚಳ ತೆಗೆದಾಗ ಕತ್ತಲೆಯಲ್ಲಿದ್ದ ನಾಗರಹಾವಿಗೆ ಒಮ್ಮೆಗೇ ಬೆಳಕು ಹೊಡೆಯುತ್ತದೆ, ಎದುರಿಗೆ ಒಂದು ಆಕಾರ ಅಲ್ಲಾಡುತ್ತಿರುತ್ತದೆ. ಕತ್ತಿನ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆಯೆತ್ತಿ, ಆ ಆಕಾರ ಹೋದತ್ತ ತಾನೂ ತಿರುಗುತ್ತದೆ. ಪುಂಗಿ ಎಡಕ್ಕೆ ಸರಿದರೆ ಹಾವು ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಪುಂಗಿಯ ಬದಲು ಮುಷ್ಟಿ ಆಡಿಸಿದರೂ ಅಷ್ಟೇ. ನೋಡುವವರ ಕಣ್ಣಿಗೆ ನೃತ್ಯವಾಗಿ ಕಾಣುವುದು ಬೆದರಿದ ಪ್ರಾಣಿಯ ಎಚ್ಚರಿಕೆಯ ನಿಲುವು. ನಾಗರಹಾವು ಎತ್ತಿದ ಹೆಡೆಯನ್ನು ಮುಂದಕ್ಕೆ ಬಾಗಿಸಿ ಹೊಡೆಯುವುದರಿಂದ ಅದರ ಪೆಟ್ಟು ಎಷ್ಟು ದೂರ ಮುಟ್ಟುತ್ತದೆಂದು ಅನುಭವಿ ಬಲ್ಲ. ಆ ಅಳತೆಯ ಹೊರಗೆ ಕೂರುವುದೇ ಅವನ ಗುಟ್ಟು. ಕಚ್ಚುವುದಕ್ಕಿಂತ ಹೆದರಿಸುವುದು ನಾಗರಹಾವಿನ ಸ್ವಭಾವ ಎಂಬುದೂ ಅವನಿಗೆ ಗೊತ್ತು. ಮಂಡಲದ ಹಾವನ್ನೋ ಕಟ್ಟುಹಾವನ್ನೋ ಯಾರೂ ಹೀಗೆ ಎದುರಿಗಿಟ್ಟುಕೊಂಡು ಪುಂಗಿ ಊದದಿರುವುದಕ್ಕೆ ಇದೂ ಕಾರಣ. ಹೆಡೆಯಿಲ್ಲದ ಹಾವಿನಿಂದ ಆಟ ಕಟ್ಟಲು ಬರುವುದಿಲ್ಲ.

ಇಲ್ಲಿಯವರೆಗಿನದು ಜಾಣ್ಮೆ. ಮುಂದಿನದು ಹಿಂಸೆ. ಗುಟ್ಟು ತಿಳಿದೂ ಅಪಾಯ ಬೇಡವೆನ್ನುವವರು ವಿಷದ ಹಲ್ಲು ಕೀಳುತ್ತಾರೆ, ವಿಷಗ್ರಂಥಿಯನ್ನು ಹಾಳುಮಾಡುತ್ತಾರೆ, ಕೆಲವರು ನಾಲಿಗೆ ಹೊರಬರುವಷ್ಟು ಸಂದಿ ಬಿಟ್ಟು ಬಾಯನ್ನೇ ಹೊಲಿಯುತ್ತಾರೆ. ಹಲ್ಲು ಮತ್ತೆ ಹುಟ್ಟುತ್ತದೆ, ಆದ್ದರಿಂದ ಮತ್ತೆ ಕೀಳಬೇಕು. ಬಾಯಿ ಕೊಳೆತ ಹಾವು ತಿನ್ನಲಾರದೆ ಸೊರಗಿ ಸಾಯುತ್ತದೆ. ನಾಗರ ಪಂಚಮಿಯ ಹೊತ್ತಿಗೆ ಹಿಡಿದ ಹಾವುಗಳ ಪಾಡು ಇನ್ನೂ ಕಷ್ಟ. ಹಾಲು ಹಾವಿನ ಆಹಾರವೇ ಅಲ್ಲ. ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿಟ್ಟ ಹಾವು ಮುಂದೆ ಇಟ್ಟದ್ದನ್ನು ಹೀರುತ್ತದೆ, ಭಕ್ತರು ಕೈಮುಗಿಯುತ್ತಾರೆ. ಅದು ಜೀರ್ಣವಾಗದೆ, ಶ್ವಾಸಕ್ಕೆ ಹೋಗಿ, ಹಬ್ಬ ಮುಗಿಯುವುದರೊಳಗೆ ಎಷ್ಟೋ ಹಾವುಗಳು ಸಾಯುತ್ತವೆ. ನಮ್ಮ ಗಡಿಗೆ ದೂರವಲ್ಲದ ಸಾಂಗ್ಲಿ ಜಿಲ್ಲೆಯ ಬತ್ತೀಸ್ ಶಿರಾಳದಲ್ಲಿ ಪಂಚಮಿಗೆ ಜೀವಂತ ನಾಗರಹಾವುಗಳನ್ನು ಮೆರೆಸುತ್ತಿದ್ದ ರೂಢಿಗೆ ಬಾಂಬೆ ಹೈಕೋರ್ಟ್ ತಡೆ ಹಾಕಿದ್ದು ಈ ಕಾರಣಕ್ಕೇ.

ಇನ್ನೊಂದು ಲೆಕ್ಕವೂ ಇದೆ. ಕರಡಿ ಕುಣಿಸುವವನ ಕರಡಿ ವರ್ಷಗಟ್ಟಲೆ ಬದುಕುತ್ತದೆ. ಹಾವಾಡಿಗನ ಬುಟ್ಟಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಹಾವು ಬೇಕು. ಆಟ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ಹೊಲ, ಹುತ್ತಗಳಿಂದ ಹಾವು ಬರುತ್ತಲೇ ಇರಬೇಕು. ಪರಂಪರೆಯ ಹೆಸರಿನಲ್ಲಿ ಈ ಆಟವನ್ನು ಉಳಿಸಿಕೊಳ್ಳುವ ದಾರಿ ಇಲ್ಲವೆಂದೇ ಹೇಳಬೇಕು.

ಎರಡನೆಯ ಕಸುಬು: ಮದ್ದು

ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಹಾವಾಡಿಗನ ಆಟ ನೋಡಿದ ಹಳಬರಿಗೆ ಒಂದು ಸಂಗತಿ ನೆನಪಿರುತ್ತದೆ. ಹಾವು ಮುಂಗುಸಿ ಕಾಳಗ ಈಗ ಶುರುವಾಗುತ್ತದೆ, ಇನ್ನೇನು ಶುರುವಾಗುತ್ತದೆ ಎನ್ನುತ್ತಲೇ ಇರುತ್ತಿದ್ದರು. ಕಾಳಗ ಶುರುವಾಗುವ ಮೊದಲೇ ತಾಯಿತ, ಬೇರು, ವಿಷಕಲ್ಲುಗಳ ಮಾರಾಟ ಶುರುವಾಗುತ್ತಿತ್ತು. ಕಸುಬಿನ ಅರ್ಥಶಾಸ್ತ್ರ ಅಲ್ಲಿದೆ. ಆಟ ಜನ ಸೇರಿಸಲಿಕ್ಕೆ, ಸಂಪಾದನೆ ಮದ್ದಿನಿಂದ.

ವಿಷಕಲ್ಲು ಸಾಮಾನ್ಯವಾಗಿ ಸುಟ್ಟ ಎಲುಬಿನ ತುಂಡು. ಸಣ್ಣ ರಂಧ್ರಗಳಿರುವುದರಿಂದ ಗಾಯದ ರಕ್ತಕ್ಕೆ ಅಂಟಿಕೊಳ್ಳುತ್ತದೆ, ತುಂಬಿದ ಮೇಲೆ ಕಳಚಿ ಬೀಳುತ್ತದೆ. ವಿಷ ಹೀರಿತು ಎಂದು ನಂಬಲು ಆ ದೃಶ್ಯ ಸಾಕು. ದೇಹದೊಳಗೆ ಹರಡಿದ ವಿಷವನ್ನು ಅದು ಹೊರಗೆಳೆಯಲಾರದು. ಈಶ್ವರಿ ಬೇರಿನ ಕಥೆಯೂ ಇದೇ. ಹಾಗಾದರೆ ಈ ಮದ್ದಿನಿಂದ ಗುಣವಾದರು ಎನ್ನುವ ಸಾವಿರಾರು ಜನ ಸುಳ್ಳು ಹೇಳುತ್ತಾರೆಯೇ? ಇಲ್ಲ. ನಮ್ಮ ಊರುಗಳಲ್ಲಿ ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನು ಕೊಟ್ಟರೂ ಗುಣವಾಗುತ್ತಾರೆ, ಕೀರ್ತಿ ಬೇರಿಗೆ ಸಲ್ಲುತ್ತದೆ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ.

ಗಾರುಡಿಗನ ಚೀಲದಲ್ಲಿದ್ದ ಎಲ್ಲವೂ ಬರೀ ಮಣ್ಣಲ್ಲ ಎಂಬುದನ್ನೂ ಹೇಳಬೇಕು. ಹಾವಿನ ಕಡಿತಕ್ಕೂ ಹುಚ್ಚಿಗೂ ಮದ್ದೆಂದು ಹೆಸರಾಗಿದ್ದ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ರಕ್ತದೊತ್ತಡ ಇಳಿಸುವ ಔಷಧವಾಗಿ ಅದು ಲೋಕವೆಲ್ಲ ಹರಡಿತು. ಆದರೆ ಹಾವಿನ ವಿಷದ ಮುಂದೆ ಅದು ನಿಷ್ಪ್ರಯೋಜಕ. ಬೇರಿಗೆ ಗುಣವಿತ್ತು, ಹೇಳಿದ ರೋಗಕ್ಕೆ ಮಾತ್ರ ಇರಲಿಲ್ಲ.

ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು, ಹೊಲಗದ್ದೆಯಲ್ಲಿ ದುಡಿಯುವವರು. ಆಸ್ಪತ್ರೆಗೆ ಹೋಗುವ ಮೊದಲು ಮಂತ್ರ, ಬೇರು, ಕಲ್ಲು ಎಂದು ಕಳೆದ ಗಂಟೆಗಳು ಎಷ್ಟೋ ಜೀವಗಳಿಗೆ ಮುಳುವಾಗಿವೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕಾರ್ಯಯೋಜನೆ ಪ್ರಕಟಿಸಿತು. ಎರಡನೆಯ ಕಸುಬಿನ ಬಗ್ಗೆಯೂ ತೀರ್ಪು ಸ್ಪಷ್ಟ. ಅದು ಹೋಗಲೇಬೇಕು.

ಮೂರನೆಯ ಕಸುಬು: ಹಿಡಿಯುವುದು

ಆದರೆ ಆಟಕ್ಕೂ ಮದ್ದಿಗೂ ಮೊದಲು ಒಬ್ಬ ಮನುಷ್ಯ ಬರಿಗೈಯಲ್ಲಿ ಹಾವು ಹಿಡಿದು ತರಬೇಕಲ್ಲ? ಯಾವ ಹುತ್ತದಲ್ಲಿ ಹಾವಿದೆ, ಯಾವುದರಲ್ಲಿ ಇಲ್ಲ, ನೆಲದ ಮೇಲಿನ ಗೆರೆ ಯಾವ ಹಾವಿನದು, ಪೊರೆ ಎಷ್ಟು ದಿನದ್ದು ಎಂದು ಓದುವ ವಿದ್ಯೆ ಇದು. ಇಲ್ಲಿ ಸುಳ್ಳು ನಡೆಯುವುದಿಲ್ಲ, ತಪ್ಪಿದರೆ ಪ್ರಾಣವೇ ಹೋಗುತ್ತದೆ. ವಸಾಹತು ಕಾಲದ ವೈದ್ಯರಿಗೆ ಇದರ ಬೆಲೆ ತಿಳಿದಿತ್ತು. ‘ದಿ ಥನಟೊಫಿಡಿಯಾ ಆಫ್ ಇಂಡಿಯಾ’ ಎಂಬ ಹೆಸರಿನಲ್ಲಿ 1872ರಲ್ಲಿ ಭಾರತದ ವಿಷದ ಹಾವುಗಳ ದೊಡ್ಡ ಗ್ರಂಥ ತಂದ ಜೋಸೆಫ್ ಫೇರರ್ ತನ್ನ ಪ್ರಯೋಗಗಳಲ್ಲಿ ಹಾವು ಹಿಡಿದು ಕೊಡಲು ಹಾವಾಡಿಗರನ್ನೇ ನೆಚ್ಚಿಕೊಂಡಿದ್ದ. ಗ್ರಂಥದ ಮೇಲೆ ಉಳಿದದ್ದು ಅವನ ಹೆಸರು.

ಇದೇ ವಿದ್ಯೆಯನ್ನು ಬೇರೆಯಾಗಿ ತೆಗೆದು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಇರುಳರು ಉದಾಹರಣೆ. ಅವರು ಹಾವಾಡಿಗರಲ್ಲ, ಪುಂಗಿ ಊದಿದವರಲ್ಲ, ಹಾವು ಹಿಡಿಯುವ ಬುಡಕಟ್ಟಿನವರು. ಚರ್ಮದ ವ್ಯಾಪಾರಕ್ಕಾಗಿ ಲಕ್ಷಗಟ್ಟಲೆ ಹಾವುಗಳು ಸತ್ತದ್ದು ಅವರ ಕೈಯಿಂದಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಬೆನ್ನಿಗೆ ಹಾವಿನ ಚರ್ಮದ ರಫ್ತು ನಿಷೇಧ ಬಂದು ಅವರ ಅನ್ನ ಕಿತ್ತುಕೊಂಡವು. ಆಗ ಉರಗತಜ್ಞ ರೋಮುಲಸ್ ವಿಟೇಕರ್ ಅವರ ಒತ್ತಾಸೆಯಿಂದ 1978ರಲ್ಲಿ ಇರುಳ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಸಂಘದ ಸದಸ್ಯರು ಸರ್ಕಾರದ ಪರವಾನಗಿ ಪಡೆದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕನ್ನು ಹಿಡಿಯುತ್ತಾರೆ. ಸುಮಾರು ಮೂರು ವಾರ ಇಟ್ಟುಕೊಂಡು, ನಾಲ್ಕು ಬಾರಿ ವಿಷ ತೆಗೆದು, ಗುರುತು ಹಾಕಿ ಕಾಡಿಗೆ ಬಿಡುತ್ತಾರೆ. ದೇಶದಲ್ಲಿ ವಿಷನಿರೋಧಕ ಚುಚ್ಚುಮದ್ದು ತಯಾರಿಸಲು ಬೇಕಾದ ವಿಷದ ದೊಡ್ಡ ಪಾಲು ಬರುವುದು ಇಲ್ಲಿಂದ. ಈ ಸಂಘದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಅವರನ್ನು 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಕರೆಸಿಕೊಂಡರು. ಅಲ್ಲಿನ ಜೌಗು ಪ್ರದೇಶದಲ್ಲಿ ಹಬ್ಬಿದ್ದ ಬರ್ಮಾ ಹೆಬ್ಬಾವುಗಳನ್ನು ಪತ್ತೆ ಮಾಡುವುದು ಸ್ಥಳೀಯರಿಗೆ ಕಷ್ಟವಾಗಿತ್ತು. ಇವರು ಮೊದಲ ಕೆಲವು ವಾರಗಳಲ್ಲೇ ಎರಡು ಡಜನ್‌ಗೂ ಹೆಚ್ಚು ಹಿಡಿದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಕಾನೂನು ಬಂದ ಬಗೆ

ಹಾವಾಡಿಗರ ಪಾಲಿಗೆ ಅಂಥದ್ದೇನೂ ನಡೆಯಲಿಲ್ಲ. ಕಾಯ್ದೆ ಬಂದ ಮೇಲೂ ಬಹುಕಾಲ ಆಟ ಹಾಗೆಯೇ ನಡೆಯಿತು. ಪ್ರವಾಸದ ಪೋಸ್ಟರುಗಳ ಮೇಲೆ ಹಾವಾಡಿಗ ಭಾರತದ ಗುರುತಾಗಿ ರಾರಾಜಿಸಿದ. ಹಿಂದಿಯ ‘ನಾಗಿನ್’ ಚಿತ್ರ 1954ರಲ್ಲಿ ದೇಶಕ್ಕೆಲ್ಲ ಒಂದು ಪುಂಗಿಯ ಧಾಟಿ ಕಲಿಸಿತು. ಅದನ್ನು ನುಡಿಸಿದ್ದು ಪುಂಗಿಯಲ್ಲ, ಕಲ್ಯಾಣ್‌ಜಿ ಅವರ ಕ್ಲಾವಿಯೋಲಿನ್ ಮತ್ತು ರವಿ ಅವರ ಹಾರ್ಮೋನಿಯಂ. ಸಪೇರಾಗಳೂ ಮುಂದೆ ಮದುವೆ ಮನೆಗಳಲ್ಲಿ ಅದೇ ಧಾಟಿಯನ್ನು ಊದಬೇಕಾಯಿತು. ತೊಂಬತ್ತರ ದಶಕದ ಹೊತ್ತಿಗೆ ಕಾನೂನಿನ ಹಿಡಿತ ಬಿಗಿಯಾಯಿತು. ಪ್ರಧಾನಿ ನರೇಂದ್ರ ಮೋದಿ 2014ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ, ಹಾವಾಡಿಸುತ್ತಿದ್ದ ದೇಶ ಈಗ ಕಂಪ್ಯೂಟರಿನ ಮೌಸ್ ಆಡಿಸುತ್ತಿದೆ ಎಂಬರ್ಥದ ಮಾತಾಡಿದಾಗ ಚಪ್ಪಾಳೆ ಬಿತ್ತು. ಹಾವಿನಿಂದ ಮೌಸ್‌ಗೆ ದಾಟಿದವರಲ್ಲಿ ಹಾವಾಡಿಗರ ಮಕ್ಕಳು ಎಷ್ಟಿದ್ದರು ಎಂದು ಯಾರೂ ಕೇಳಲಿಲ್ಲ.

ಹೋಲಿಕೆಗೆ ಕಲಂದರರ ಸಂಗತಿ ನೋಡಬಹುದು. ಅವರು ಕರಡಿ ಕುಣಿಸುತ್ತಿದ್ದವರು. ಕರಡಿಗಳನ್ನು ಪಡೆಯುವಾಗ ವನ್ಯಜೀವಿ ಸಂಸ್ಥೆಗಳು ಬೇರೆ ಕಸುಬಿಗೆ ಬಂಡವಾಳ, ಹೆಂಗಸರಿಗೆ ತರಬೇತಿ, ಮಕ್ಕಳಿಗೆ ಶಾಲೆ ಎಂಬ ಏರ್ಪಾಟು ಮಾಡಿದವು. 2009ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿ ಬನ್ನೇರುಘಟ್ಟದ ಧಾಮ ಸೇರಿತು. ಕಾನೂನು ಒಂದೇ, ಆದರೆ ಅಲ್ಲಿ ಮನುಷ್ಯನ ಹೊಟ್ಟೆಯ ಲೆಕ್ಕವನ್ನೂ ಹಾಕಿದ್ದರು.

ಕಾಲ್ಬೇಲಿಯಾಗಳಿಗೆ ಕಲೆಯ ದಾರಿ ತೆರೆಯಿತು. ಗುಲಾಬೋ ಸಪೇರಾ ಎಂಬ ನರ್ತಕಿ ಹಾವಿನ ಬಳುಕನ್ನು ಮೈಗೆ ತಂದುಕೊಂಡು ಆ ಕುಣಿತವನ್ನು ದೇಶವಿದೇಶಗಳ ವೇದಿಕೆಗೆ ಒಯ್ದರು. 2010ರಲ್ಲಿ ಯುನೆಸ್ಕೊ ಕಾಲ್ಬೇಲಿಯಾ ಹಾಡು, ಕುಣಿತಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, 2016ರಲ್ಲಿ ಗುಲಾಬೋ ಅವರಿಗೆ ಪದ್ಮಶ್ರೀ ಬಂತು. ಹಾವಿಲ್ಲದೆ ಹಾವಾಡಿಗರ ಕಲೆ ಬದುಕಬಲ್ಲದು ಎಂಬುದಕ್ಕೆ ಇದು ಪುರಾವೆ. ಆದರೆ ವೇದಿಕೆಯಲ್ಲಿ ನಿಲ್ಲುವವರು ಎಷ್ಟು ಮಂದಿ? ಸಮುದಾಯದ ಉಳಿದವರು ಕೂಲಿಗೆ, ಇಲ್ಲವೇ ಭಿಕ್ಷೆಗೆ ಹೋದರು. ಹರಿಯಾಣದ ಕಡೆಯ ಜೋಗಿನಾಥರನ್ನು ಅಧ್ಯಯನ ಮಾಡಿದ ಪತ್ರಕರ್ತೆ ಬಹಾರ್ ದತ್, ಮನೆಗೆ ಹಾವು ಹೊಕ್ಕಾಗ ಜನ ಈಗಲೂ ಕರೆಯುವುದು ಇವರನ್ನೇ ಎಂಬುದನ್ನು ಗುರುತಿಸಿದ್ದರು. ಪುಂಗಿಯವರ ವಾದ್ಯಮೇಳ ಕಟ್ಟಿ, ಹಾವು ಹಿಡಿಯುವ ವಿದ್ಯೆಯನ್ನು ರಕ್ಷಣೆಗೆ ಬಳಸಬೇಕೆಂಬ ಪ್ರಯತ್ನವೂ ನಡೆಯಿತು. ಆದರೆ ಸರ್ಕಾರ ಅದನ್ನು ನೀತಿಯಾಗಿ ಎತ್ತಿಕೊಳ್ಳಲಿಲ್ಲ.

ಈಗ ಉಳಿದಿರುವ ಪ್ರಶ್ನೆ

ನಗರಗಳು ಹುತ್ತಗಳ ಮೇಲೆ ಬಡಾವಣೆ ಕಟ್ಟುತ್ತ ಹೋದಂತೆ ಹಾವು ಹಿಡಿಯುವವರ ಅಗತ್ಯ ಹೆಚ್ಚಿದೆ. ಮೈಸೂರಿನ ಸ್ನೇಕ್ ಶ್ಯಾಮ್ ಅಂಥವರು ದಶಕಗಳಿಂದ ಈ ಕೆಲಸ ಮಾಡಿ ಮನೆಮಾತಾಗಿದ್ದಾರೆ, ಹಾವು ಕಂಡೊಡನೆ ಕೋಲು ಹುಡುಕುತ್ತಿದ್ದ ಕೈಗಳು ಫೋನ್ ಹುಡುಕುವಂತೆ ಮಾಡಿದ್ದಾರೆ. ಇದು ದೊಡ್ಡ ಬದಲಾವಣೆ. ಇದರ ಬೆನ್ನಿಗೇ ಇನ್ನೊಂದು ಜಾತಿಯ ಹಾವಾಡಿಗರೂ ಹುಟ್ಟಿದ್ದಾರೆ. ಹಿಡಿದ ನಾಗರಹಾವನ್ನು ಕ್ಯಾಮೆರಾ ಮುಂದೆ ಕೆಣಕಿ, ಹೆಡೆಗೆ ಮುತ್ತಿಟ್ಟು ರೀಲ್ಸ್ ಮಾಡುವವರು ಇವರು. ಬುಟ್ಟಿಯ ಬದಲು ಮೊಬೈಲು, ಸಂತೆಯ ಬದಲು ಲಕ್ಷಾಂತರ ವೀಕ್ಷಕರು. ಮೊದಲನೆಯ ಕಸುಬು ಬೇರೆ ಕೈಗಳಲ್ಲಿ ಮರಳಿ ಬಂದಿದೆ. ಪುಂಗಿ ಹಿಡಿದ ಅಲೆಮಾರಿಯ ಬುಟ್ಟಿ ಜಪ್ತಿಯಾದಷ್ಟು ಸುಲಭವಾಗಿ ಇವರ ಆಟ ನಿಲ್ಲುವುದಿಲ್ಲ.

ಇನ್ನೊಂದು ಕಡೆ ವಿಷನಿರೋಧಕದ ಕೊರತೆ ಬೇರೆಯೇ ರೂಪದಲ್ಲಿ ಕಾಡುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿಕೊಟ್ಟಂತೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ತಮಿಳುನಾಡಿನ ಹಾವುಗಳ ವಿಷದಿಂದ ತಯಾರಾದ ಮದ್ದು ರಾಜಸ್ಥಾನದಲ್ಲೋ ಬಂಗಾಳದಲ್ಲೋ ಕಚ್ಚಿಸಿಕೊಂಡವರಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಪ್ರತಿ ಪ್ರದೇಶದಲ್ಲೂ ವಿಷ ಸಂಗ್ರಹ ಕೇಂದ್ರಗಳು ಬೇಕು ಎಂಬುದು ತಜ್ಞರ ಒತ್ತಾಯ. ಕೇಂದ್ರ ಕಟ್ಟಲು ಹಣ, ಪ್ರಯೋಗಾಲಯ, ಪರವಾನಗಿ ಬೇಕು. ಜೊತೆಗೆ ಆಯಾ ಸೀಮೆಯ ಹಾವುಗಳನ್ನು ನೋವಾಗದಂತೆ ಹಿಡಿದು, ವಿಷ ತೆಗೆದು, ಹಿಡಿದಲ್ಲಿಗೇ ಬಿಡಬಲ್ಲ ಜನವೂ ಬೇಕು. ಅಂಥ ಜನ ರಾಜಸ್ಥಾನದಲ್ಲೂ ಹರಿಯಾಣದಲ್ಲೂ ಬಂಗಾಳದಲ್ಲೂ ಕರ್ನಾಟಕದಲ್ಲೂ ಇದ್ದರು. ಅವರ ಮಕ್ಕಳಿಗೆ ಆ ವಿದ್ಯೆ ದಾಟುವುದು ಈಗ ನಿಂತುಹೋಗುತ್ತಿದೆ.

ಹಾವಾಡಿಗನ ಮೂರು ಕಸುಬುಗಳಲ್ಲಿ ಎರಡಕ್ಕೆ ನಿಷೇಧ ನ್ಯಾಯವಾದದ್ದು. ಮೂರನೆಯದನ್ನು ಅವುಗಳ ಜೊತೆಯಲ್ಲೇ ಕಟ್ಟಿ ಎಸೆದದ್ದು ತಪ್ಪು. ತರಬೇತಿ, ಪ್ರಮಾಣಪತ್ರ, ಸಂಬಳ, ವಿಮೆ ಕೊಟ್ಟು ಈ ಸಮುದಾಯಗಳ ಯುವಕರನ್ನು ಅರಣ್ಯ ಇಲಾಖೆ ಮತ್ತು ವಿಷ ಸಂಗ್ರಹ ಕೇಂದ್ರಗಳ ಕೆಲಸಕ್ಕೆ ತೆಗೆದುಕೊಳ್ಳುವುದು ಈಗಲೂ ಸಾಧ್ಯ. ಇರುಳರ ಸಂಘ ನಾಲ್ಕು ದಶಕಗಳಿಂದ ಕಣ್ಣೆದುರಿಗೆ ಇರುವಾಗ ಹೊಸ ಮಾದರಿ ಹುಡುಕುವ ಅಗತ್ಯವಿಲ್ಲ. ಹಾವಿಗೆ ರಕ್ಷಣೆ ಕೊಟ್ಟ ಕಾನೂನು ಹಾವು ಬಲ್ಲವನಿಗೂ ಒಂದು ಕೆಲಸ ಕೊಟ್ಟಿದ್ದರೆ ಆ ವಿದ್ಯೆ ಇಂದು ಹಾವು ಕಚ್ಚಿ ಸಾಯುವವರನ್ನು ಉಳಿಸುವ ಕೆಲಸದಲ್ಲಿರುತ್ತಿತ್ತು. 2030ರ ಗುರಿ ಇಟ್ಟುಕೊಂಡವರು ಈ ಬಾಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.